ಮೊದಲು ಕೇಳಿ, ಆಮೇಲೆ ಹೇಳಿ: ಎಲೆಕ್ಟ್ರಾನಿಕ್ ಆಲ್ಬಂ ಕಿವಿಗೆ ಹತ್ತುವ ಬಗೆ

ಒಂದು ಆಲ್ಬಂ ಅನ್ನು ನಾನು ಎರಡು ವರ್ಷ ಸುಮ್ನೆ ಬೈದುಕೊಂಡು ಓಡಾಡಿದ್ದೆ. "ಏನಿದೆ ಅದರಲ್ಲಿ? ಟಿಕ್ ಟಿಕ್ ಅಂತ ಒಂದು ಸದ್ದು, ಮೇಲೊಂದು ಗುಯ್ ಅನ್ನೋ ಸಿಂಥ್, ಅಷ್ಟೇ ತಾನೆ" ಅನ್ನುತ್ತಿದ್ದೆ. ಕೇಳಿದ್ದು ಎಷ್ಟು ಸಲ? ಒಂದೇ ಸಲ. ಯಾವುದರಲ್ಲಿ? ಫೋನಿನ ಸ್ಪೀಕರಿನಲ್ಲಿ, ಬಟ್ಟೆ ಮಡಚುತ್ತಾ. ಆಮೇಲೊಂದು ಸಂಜೆ ಗೆಳೆಯನ ಕೋಣೆಗೆ ಹೋದಾಗ ದೊಡ್ಡ ಸ್ಪೀಕರಿನಲ್ಲಿ ಏನೋ ಓಡುತ್ತಿತ್ತು. "ಯಾವುದೋ ಇದು, ಭಾರಿ ಚೆನ್ನಾಗಿದೆಯಲ್ಲ" ಅಂದೆ. ಅವನು ಅದೇ ಆಲ್ಬಮ್ಮಿನ ಹೆಸರು ಹೇಳಿದ. ಆಗ ನನ್ನ ಮುಖ ನೋಡಬೇಕಿತ್ತು.

ಅವತ್ತು ನಾನು ಎಲ್ಲ ಪುಣ್ಯವನ್ನೂ ಸ್ಪೀಕರಿಗೆ ಕೊಟ್ಟುಬಿಟ್ಟೆ. ಅದೂ ಅರ್ಧ ತಪ್ಪೇ. ಅವತ್ತು ನಾನು ಆ ಆಲ್ಬಂ ಅನ್ನು ಎರಡನೇ ಸಲ ಕೇಳುತ್ತಿದ್ದೆ, ಅಲ್ವಾ? ಗೊತ್ತಿಲ್ಲದೆಯೇ ಕಿವಿಗೆ ಅದರ ಪರಿಚಯ ಆಗಿತ್ತು. ಬದಲಾಗಿದ್ದು ಸ್ಪೀಕರೋ, ನನ್ನ ಕಿವಿಯೋ? ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಉತ್ತರ ಸಿಗುವುದಿಲ್ಲ. ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಾಯಿಸಬೇಕು. ಕೆಳಗಿನ ಹಂತಗಳೆಲ್ಲ ಇದೊಂದೇ ಮಾತಿನ ಸುತ್ತ ಇವೆ.

ಎಲೆಕ್ಟ್ರಾನಿಕ್ ಸಂಗೀತಕ್ಕೇ ಯಾಕೆ ಇಷ್ಟೆಲ್ಲ ತಕರಾರು? ಪಿಟೀಲಿನ ದನಿ ನಮಗೆ ಗೊತ್ತು. ಮನುಷ್ಯರ ದನಿ ಇನ್ನೂ ಚೆನ್ನಾಗಿ ಗೊತ್ತು. ಕೆಟ್ಟ ಸ್ಪೀಕರಿನಲ್ಲಿ ಬಂದರೂ ಬಿಟ್ಟುಹೋದದ್ದನ್ನು ತಲೆ ತಾನೇ ತುಂಬಿಕೊಳ್ಳುತ್ತದೆ. ಆದರೆ ಸಿಂಥಸೈಜರ್, ಅಂದರೆ ಸಿಂಥ್ ಅನ್ನುವ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯದಲ್ಲಿ ಒಬ್ಬ ಕಲಾವಿದ ಹೊಸದಾಗಿ ಹುಟ್ಟಿಸಿದ ಸದ್ದನ್ನು ನೀವು ಹಿಂದೆ ಎಲ್ಲೂ ಕೇಳಿಲ್ಲ. ಅದರ ಅಸಲಿ ರೂಪ ಹೇಗಿದೆ ಅಂತ ಹೋಲಿಸಿ ನೋಡಲು ಏನೂ ಇಲ್ಲ. ನಿಮ್ಮ ಇಯರ್‌ಫೋನ್ ಏನು ಕೊಟ್ಟಿತೋ ನಿಮ್ಮ ಪಾಲಿಗೆ ಆ ಸದ್ದು ಅಷ್ಟೇ. ಇನ್ನೊಂದು, ಇಲ್ಲಿ ಹಾಡಿಕೊಳ್ಳುವಂಥ ರಾಗ ಕಡಿಮೆ. ಇರುವುದೆಲ್ಲ ಸದ್ದಿನ ಬಣ್ಣದಲ್ಲಿ, ಬೇಸ್‌ನ (ಕೆಳಗಿನ ದಪ್ಪ ಸದ್ದಿನ) ತೂಕದಲ್ಲಿ, ನಿಧಾನದ ಬದಲಾವಣೆಯಲ್ಲಿ. ಮೊದಲ ಸಲಕ್ಕೆ ತಪ್ಪಿಹೋಗುವುದೂ, ಸಣ್ಣ ಸ್ಪೀಕರಿನಲ್ಲಿ ಕಳೆದುಹೋಗುವುದೂ ಇವೇ.

ಹಂತ 1: ಆ್ಯಪಿನ ಕೈಚಳಕಗಳನ್ನು ಆಫ್ ಮಾಡಿ

ಇದಕ್ಕೆ ಐದು ನಿಮಿಷ ಸಾಕು, ಆದರೆ ಬಿಡಬೇಡಿ. ಸೆಟ್ಟಿಂಗ್‌ನಲ್ಲಿ ಈಕ್ವಲೈಜರ್, ಅಂದರೆ ದಪ್ಪ, ಚುರುಕು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಆಯ್ಕೆ, ಆಫ್ ಇದೆಯಾ ನೋಡಿ. ಫೋನಿನಲ್ಲಿ ಒಂದು, ಮ್ಯೂಸಿಕ್ ಆ್ಯಪಿನಲ್ಲಿ ಒಂದು, ಹೆಡ್‌ಫೋನ್ ಕಂಪನಿಯ ಆ್ಯಪಿನಲ್ಲಿ ಮತ್ತೊಂದು, ಹೀಗೆ ಮೂರು ಕಡೆ ಅಡಗಿರಬಹುದು. "ಬೇಸ್ ಬೂಸ್ಟ್", "3ಡಿ ಸೌಂಡ್" ಮಾದರಿಯವೆಲ್ಲ ಆಫ್. ಶಫಲ್ ಆಫ್. ಒಂದು ಟ್ರ್ಯಾಕಿನ ಬಾಲವನ್ನು ಇನ್ನೊಂದರ ತಲೆಗೆ ಅಂಟಿಸುವ ಕ್ರಾಸ್‌ಫೇಡ್ ಕೂಡ ಆಫ್. ಗ್ಯಾಪ್‌ಲೆಸ್ ಅನ್ನುವ ಆಯ್ಕೆ ಇದ್ದರೆ ಅದು ಮಾತ್ರ ಆನ್ ಇರಲಿ. ಎಷ್ಟೋ ಎಲೆಕ್ಟ್ರಾನಿಕ್ ಆಲ್ಬಂಗಳಲ್ಲಿ ಟ್ರ್ಯಾಕುಗಳು ಒಂದರೊಳಗೊಂದು ಹರಿಯುತ್ತವೆ. ನಡುವೆ ಅರ್ಧ ಸೆಕೆಂಡ್ ಮೌನ ಬಿದ್ದರೆ ನಡೆಯುತ್ತಿದ್ದವನ ಕಾಲಿಗೆ ಕಲ್ಲು ತಾಗಿದ ಹಾಗೆ ಆಗುತ್ತದೆ.

ಒಂದು ಸಲ ನಾನು ಒಂದು ಆಲ್ಬಮ್ಮಿನ ಬೇಸ್ ಬಗ್ಗೆ ಸಿಕ್ಕವರಿಗೆಲ್ಲ ಹೊಗಳಿ ಹೇಳಿದೆ. ನಾಲ್ಕು ತಿಂಗಳಾದ ಮೇಲೆ ನೋಡಿದರೆ ಬೇಸ್ ಬೂಸ್ಟ್ ಆನ್ ಇತ್ತು. ಯಾವಾಗ ಒತ್ತಿದ್ದೆನೋ ದೇವರೇ ಬಲ್ಲ. ಹೊಗಳಿದ್ದು ಕಲಾವಿದನನ್ನಲ್ಲ, ನನ್ನ ಹೆಬ್ಬೆರಳನ್ನು.

ಹಂತ 2: ಒಂದು ಸಾಧನ ಆರಿಸಿ, ಅದಕ್ಕೇ ಅಂಟಿಕೊಳ್ಳಿ

ಇರುವುದರಲ್ಲಿ ಒಳ್ಳೆಯದನ್ನು ಆರಿಸಿ. ಹೊಸದು ಬೇಕಾಗಿಲ್ಲ. ಫೋನಿನ ಸ್ಪೀಕರ್ ಮಾತ್ರ ಬೇಡ.

ಯಾಕೆ ಅಂದರೆ, ಮನುಷ್ಯರ ಕಿವಿಗೆ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್ ತನಕ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಕಡಿಮೆ ಇದ್ದಷ್ಟೂ ದಪ್ಪ ಸದ್ದು) ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನ ತುದಿ ಸವೆಯುತ್ತದೆ. ಫೋನಿನ ಪುಟಾಣಿ ಸ್ಪೀಕರಿಗೆ ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿನದು ಹೆಚ್ಚೇನೂ ದಕ್ಕುವುದಿಲ್ಲ. ದಪ್ಪ ಸದ್ದಿಗೆ ಜಾಸ್ತಿ ಗಾಳಿ ತಳ್ಳಬೇಕು, ಸ್ಪೀಕರಿನೊಳಗಿನ ಅಷ್ಟು ಸಣ್ಣ ಪೊರೆ ಎಲ್ಲಿಂದ ತಳ್ಳೀತು? ಈಗ 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಡ್ರಮ್ ಮಷಿನ್ ನೋಡಿ. ಅದರ ಪ್ರಸಿದ್ಧ "ಧುಂ" ಇರುವುದು 50 ಹರ್ಟ್ಜ್ ಆಸುಪಾಸಿನಲ್ಲಿ. ಅಂದರೆ ಫೋನಿನಲ್ಲಿ ನಿಮಗೆ ಕೇಳುವುದು ಆ ಏಟಿನ ಉಗುರು ಮಾತ್ರ, ಕೈ ಅಲ್ಲ. ನಾನು "ಟಿಕ್ ಟಿಕ್" ಅಂತ ಬೈದಿದ್ದು ಇದಕ್ಕೇ.

ತಮಾಷೆ ಏನೆಂದರೆ, ಮೂಲ ಸ್ವರವೇ ಬರದಿದ್ದರೂ ಅದರ ಮೇಲಿನ ಮರಿ ಸ್ವರಗಳು ಬಂದರೆ ಮಿದುಳು ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಬೇಸ್ ಗಿಟಾರ್ ಫೋನಿನಲ್ಲೂ ಅಷ್ಟಿಷ್ಟು ಬದುಕುತ್ತದೆ. ಶುದ್ಧ ಸೈನ್ ಅಲೆಯ (ಮೂಲ ಸ್ವರ ಒಂದೇ ಇರುವ ಅಲೆಯ) ಹತ್ತಿರ ಇರುವ ಸಿಂಥ್ ಬೇಸ್‌ಗೆ ಮರಿ ಸ್ವರಗಳೇ ಕಡಿಮೆ. ಅದು ಪೂರ್ತಿ ಮಾಯ.

ಕಿವಿಯೊಳಗೆ ತೂರುವ ಇಯರ್‌ಫೋನ್ ನಿಮ್ಮದಾದರೆ ಒಂದು ಪರೀಕ್ಷೆ ಮಾಡಿ. ಬೇಸ್ ಇರುವ ಟ್ರ್ಯಾಕ್ ಹಾಕಿ, ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ. ಬೇಸ್ ಧಿಡೀರನೆ ಜಾಸ್ತಿ ಆಯಿತಾ? ಹಾಗಾದರೆ ಅದರ ರಬ್ಬರ್ ತುದಿಯ ಅಳತೆ ನಿಮ್ಮ ಕಿವಿಗೆ ಸರಿಯಿಲ್ಲ. ಸಂದಿಯಿಂದ ಗಾಳಿ ಸೋರಿದರೆ ಮೊದಲು ಹೋಗುವುದು ಬೇಸ್. ಡಬ್ಬಿಯಲ್ಲಿ ಬೇರೆ ಅಳತೆಯವು ಇರುತ್ತವೆ, ಹಾಕಿ ನೋಡಿ. ಎರಡು ಕಿವಿಗೆ ಎರಡು ಅಳತೆ ಬೇಕಾಗಬಹುದು, ನನಗೆ ಹಾಗೇ ಬೇಕು. ಹೊಸ ಹೆಡ್‌ಫೋನ್ ಕೊಳ್ಳಬೇಕು ಅನ್ನುವ ಎಷ್ಟೋ ಜನರಿಗೆ ನಿಜವಾಗಿ ಬೇಕಿರುವುದು ಈ ರಬ್ಬರ್ ತುಂಡು.

ಹಂತ 3: ವಾಲ್ಯೂಮ್ ಎಲ್ಲಿ ನಿಲ್ಲಿಸಬೇಕು

ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಒಂದು ವಿಷಯ ಅಳೆದು ತೋರಿಸಿದರು. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿ ಬೇಸ್ ಅನ್ನು ನಡುವಿನ ಸ್ವರಗಳಿಗಿಂತ ಬಹಳ ಕಡಿಮೆ ಹಿಡಿಯುತ್ತದೆ. ಸದ್ದು ಏರಿದಂತೆ ಆ ಅಂತರ ಕಮ್ಮಿಯಾಗುತ್ತದೆ. ಒಂದೇ ಆಲ್ಬಂ ಮೆಲ್ಲಗೆ ಹಾಕಿದರೆ ತೆಳು, ಜೋರಾಗಿ ಹಾಕಿದರೆ ತುಂಬಿದ ಹಾಗೆ ಅನಿಸುವುದು ಇದರಿಂದ. ಎಲೆಕ್ಟ್ರಾನಿಕ್ ಆಲ್ಬಂಗಳಿಗೆ ಬೇಸ್ ಅಂದರೆ ಬೆನ್ನುಮೂಳೆ, ಹಾಗಾಗಿ ತೀರಾ ಮೆಲ್ಲಗೆ ಕೇಳಿ ತೀರ್ಪು ಕೊಡಬೇಡಿ.

ಹಾಗಂತ ಕಿವಿ ಹಾಳು ಮಾಡಿಕೊಳ್ಳಬೇಡಿ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ (ಸದ್ದಿನ ಜೋರು ಅಳೆಯುವ ಮಾನ) ವಾರಕ್ಕೆ 40 ಗಂಟೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧ. 90ಕ್ಕೆ ಹೋದರೆ ವಾರಕ್ಕೆ ಬರೀ 4 ಗಂಟೆ. ಬಸ್ಸು, ರೈಲಿನಲ್ಲಿ ಗದ್ದಲವನ್ನು ಮೀರಿಸಲು ನಾವು ಏರಿಸುತ್ತಾ ಹೋಗುತ್ತೇವೆ, ಅಪಾಯ ಅಲ್ಲೇ. ನಾಯ್ಸ್ ಕ್ಯಾನ್ಸಲಿಂಗ್ ಇರುವ, ಅಂದರೆ ಹೊರಗಿನ ಗದ್ದಲ ತಗ್ಗಿಸುವ ಹೆಡ್‌ಫೋನಿನ ನಿಜವಾದ ಉಪಯೋಗ ನನ್ನ ಪ್ರಕಾರ ಇದು, ಕಡಿಮೆ ವಾಲ್ಯೂಮ್‌ನಲ್ಲಿ ಮುಗಿಯುತ್ತದೆ.

ನಿಮಗೆ ಹಿತವಾದ ಮಟ್ಟ ಸಿಕ್ಕ ಮೇಲೆ ಅಲ್ಲೇ ಇಟ್ಟುಬಿಡಿ. ಮುಂದಿನ ನಾಲ್ಕು ಸಲವೂ ಅದೇ ಮಟ್ಟ.

ಹಂತ 4: ನಾಲ್ಕು ಸಲ, ನಾಲ್ಕು ಬೇರೆ ದಿನ

ಈ ಲೇಖನದಲ್ಲಿ ಇದೊಂದೇ ಓದಿದರೂ ಸಾಕು.

ಮೊದಲ ಸಲ ಏನೂ ಮಾಡಬೇಡಿ. ಆಲ್ಬಂ ಮೊದಲಿನಿಂದ ಕೊನೆವರೆಗೆ ಓಡಲಿ. ಇಷ್ಟವಾಯಿತಾ ಇಲ್ಲವಾ ಅಂತ ಕೇಳಿಕೊಳ್ಳಬೇಡಿ. ಬೇಸರ ಬಂದರೆ ಬರಲಿ. ಕೊನೆಯಲ್ಲಿ ಒಂದು ಸಾಲು ಬರೆದಿಡಿ, "ಮೂರನೇ ಟ್ರ್ಯಾಕಿನಲ್ಲಿ ಬೋರ್ ಆಯಿತು", "ಕೊನೆಯಲ್ಲೊಂದು ಗಂಟೆ ಥರದ ಸದ್ದು ಚೆನ್ನಾಗಿತ್ತು", ಇಷ್ಟು ಸಾಕು. ಈ ಚೀಟಿ ಆಮೇಲೆ ಬೇಕು.

ಎರಡನೇ ಸಲ ಕೆಳಗಿನಿಂದ ಕೇಳಿ. ಕಿಕ್ ಡ್ರಮ್ (ತಾಳದ ದಪ್ಪ "ಧುಂ" ಏಟು) ಮತ್ತು ಬೇಸ್ ಎರಡನ್ನೇ ಹಿಂಬಾಲಿಸಿ, ಮಿಕ್ಕಿದ್ದನ್ನು ಬಿಟ್ಟುಬಿಡಿ. ಎಷ್ಟೋ ಟ್ರ್ಯಾಕುಗಳಲ್ಲಿ ಕಿಕ್ ಬಿದ್ದ ಕೂಡಲೇ ಹಿಂದಿನ ಸಿಂಥ್ ಒಂದು ಕ್ಷಣ ತಗ್ಗಿ ಮತ್ತೆ ಏಳುತ್ತದೆ. ಅದಕ್ಕೆ ಸೈಡ್‌ಚೈನ್ ಅನ್ನುತ್ತಾರೆ. ಇಡೀ ಟ್ರ್ಯಾಕ್ ಉಸಿರಾಡಿದ ಹಾಗೆ ಕೇಳುವುದು ಅದರಿಂದಲೇ. ಒಮ್ಮೆ ಇದು ಕಿವಿಗೆ ಬಿದ್ದರೆ ಮುಗಿಯಿತು, ಆಮೇಲೆ ಎಲ್ಲ ಕಡೆ ಕೇಳುತ್ತದೆ.

ಮೂರನೇ ಸಲ ನಿಧಾನದ ಬದಲಾವಣೆಗಳ ಬೆನ್ನು ಹತ್ತಿ. "ಅದೇ ಅದೇ ಬರುತ್ತೆ" ಅನ್ನುವುದು ಈ ಸಂಗೀತದ ಮೇಲಿನ ಹಳೇ ದೂರು. ದೂರು ಸುಳ್ಳಲ್ಲ, ಸ್ವರಗಳು ಅವೇ. ಆದರೆ ಸ್ವರ ಅಲ್ಲಾಡದೇ ಇದ್ದಾಗ ಬಣ್ಣ ಬದಲಾಗುತ್ತಿರುತ್ತದೆ. 1981ರಲ್ಲಿ ಬಂದ ರೋಲ್ಯಾಂಡ್ ಟಿಬಿ-303 ಅನ್ನುವ ಪೆಟ್ಟಿಗೆ ಇದಕ್ಕೆ ಒಳ್ಳೇ ಉದಾಹರಣೆ. ಬೇಸ್ ಗಿಟಾರ್ ನುಡಿಸುವವರು ಸಿಗದಿದ್ದಾಗ ಜೊತೆಗಿರಲಿ ಅಂತ ಮಾಡಿದ್ದು. ಆ ಕೆಲಸಕ್ಕೆ ಯಾರಿಗೂ ಹಿಡಿಸಲಿಲ್ಲ, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಆಮೇಲೆ ಷಿಕಾಗೋದ ಹುಡುಗರು ಹಳೇ ಪೆಟ್ಟಿಗೆ ತಂದು, ಒಂದೇ ಸಾಲು ಸ್ವರವನ್ನು ಸುತ್ತಲು ಬಿಟ್ಟು, ಅದು ಓಡುತ್ತಿರುವಾಗಲೇ ಸದ್ದಿನ ಬಣ್ಣ ಬದಲಾಯಿಸುವ ಫಿಲ್ಟರಿನ ತಿರುಪು ತಿರುಗಿಸಿದರು. ಆ್ಯಸಿಡ್ ಹೌಸ್ ಅನ್ನುವ ನೃತ್ಯ ಸಂಗೀತದ ಪ್ರಕಾರ ಹುಟ್ಟಿದ್ದು ಹಾಗೆ. ಅಲ್ಲಿ ತಿರುಪು ತಿರುಗುವುದೇ ರಾಗ.

ಕೇಳುವಾಗ ಮನಸ್ಸಿನಲ್ಲೇ ನಾಲ್ಕು ನಾಲ್ಕು ಬೀಟ್ ಎಣಿಸಿ. ಅಂಥ ಹದಿನಾರು ಸುತ್ತು ಮುಗಿದ ಕಡೆ ಏನಾದರೂ ಸೇರುತ್ತದೆ, ಇಲ್ಲವೇ ಬಿಟ್ಟುಹೋಗುತ್ತದೆ, ಬಹಳ ಸಲ ಹೀಗೇ. ನಿಮಿಷಕ್ಕೆ 120 ಬೀಟ್ ಇದ್ದರೆ ಅದು 32 ಸೆಕೆಂಡ್. ಮೊದಲ ಸಲ ಕೇಳುವವರಿಗೆ 32 ಸೆಕೆಂಡ್ ಏನೂ ಆಗಲಿಲ್ಲ ಅನಿಸುತ್ತದೆ. ಮೂರನೇ ಸಲಕ್ಕೆ "ಈಗ ಬರುತ್ತೆ ನೋಡು" ಅಂತ ಕಿವಿ ಕಾಯುತ್ತಿರುತ್ತದೆ. ಕಾಯುವುದಕ್ಕೆ ಶುರು ಮಾಡಿದ ಕಿವಿಗೆ ಪುನರಾವರ್ತನೆ ಬೇಸರ ತರುವುದಿಲ್ಲ.

ನಾಲ್ಕನೇ ಸಲ ಜಾಗ ಕೇಳಿ. ಯಾವ ಸದ್ದು ಎಡಕ್ಕಿದೆ, ಯಾವುದು ಬಲಕ್ಕಿದೆ, ಯಾವುದು ಮುಖದ ಹತ್ತಿರ, ಯಾವುದು ದೂರದ ಬಾವಿಯೊಳಗಿನಿಂದ ಬಂದ ಹಾಗಿದೆ? ರಿವರ್ಬ್ (ಕೋಣೆಯಲ್ಲಿ ಸದ್ದು ಉಳಿಯುವ ಗುಂಗು) ಮತ್ತು ಎಕೋ ಇಲ್ಲಿ ಅಲಂಕಾರ ಅಲ್ಲ. ಕೋಣೆಯೇ ಇಲ್ಲದ ಸದ್ದಿಗೆ ಕಲಾವಿದ ಕೈಯಾರೆ ಕಟ್ಟಿಕೊಟ್ಟ ಕೋಣೆ ಅದು.

ಒಂದೇ ದಿನ ನಾಲ್ಕೂ ಸಲ ಕೇಳಿ ಮುಗಿಸುವ ಅವಸರ ಬೇಡ. ನಡುವೆ ಒಂದೆರಡು ದಿನ ಬಿಡಿ. ಎಲ್ಲ ಆಲ್ಬಂಗಳಿಗೂ ನಾಲ್ಕೇ ಸಾಕು ಅಂತಲೂ ಇಲ್ಲ. ಬ್ರಿಟನ್ನಿನ ಸಂಗೀತಗಾರ ಬ್ರಿಯಾನ್ ಈನೋ 1978ರಲ್ಲಿ ತಂದ "ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್" ಆಲ್ಬಮ್ಮಿನ ಒಂದು ಟ್ರ್ಯಾಕಿನಲ್ಲಿ ಹಾಡಿದ ಬಿಡಿ ಸ್ವರಗಳು ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳಲ್ಲಿ ಸುತ್ತುತ್ತವೆ. ಉದ್ದ ಬೇರೆಯಾದ್ದರಿಂದ ಅವು ಒಂದರ ಮೇಲೊಂದು ಬೀಳುವ ರೀತಿ ಪ್ರತಿ ಸುತ್ತಿಗೂ ಬೇರೆ. ಅಂಥದ್ದನ್ನು ಎಣಿಸುತ್ತಾ ಕೂತರೆ ಹುಚ್ಚು ಹಿಡಿಯುತ್ತದೆ. ಅದನ್ನು ಕೋಣೆಯಲ್ಲಿ ಬಿಟ್ಟು ನಿಮ್ಮ ಕೆಲಸ ಮಾಡಿ.

ಇಲ್ಲೊಂದು ಎಚ್ಚರಿಕೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೊಂಕ್ 1968ರಲ್ಲೇ ತೋರಿಸಿದ್ದಾರೆ, ಮತ್ತೆ ಮತ್ತೆ ಎದುರಾದದ್ದು ಬರೀ ಆ ಕಾರಣಕ್ಕೇ ನಮಗೆ ಇಷ್ಟವಾಗತೊಡಗುತ್ತದೆ. ಜಾಹೀರಾತಿನ ಹಾಡು ನಾಲಿಗೆಗೆ ಅಂಟುವುದೂ ಹೀಗೇ. ಡೇನಿಯಲ್ ಬರ್ಲೈನ್ ಅನ್ನುವವರು ಅದರ ಇನ್ನೊಂದು ಮುಖ ವಿವರಿಸಿದರು: ಪರಿಚಯ ಬೆಳೆದಂತೆ ಇಷ್ಟ ಏರುತ್ತದೆ, ಒಂದು ಹಂತ ದಾಟಿದರೆ ಇಳಿಯುತ್ತದೆ. ಹಾಗಾದರೆ ನಾಲ್ಕನೇ ಸಲದ ಇಷ್ಟವನ್ನು ನಂಬುವುದು ಹೇಗೆ? ಅದಕ್ಕೇ ಆ ಚೀಟಿ. "ಯಾಕೋ ಈಗ ಚೆನ್ನಾಗಿದೆ" ಅಂತ ಮಾತ್ರ ಹೇಳಲು ಆಗುವುದಾದರೆ ಅದು ಅಭ್ಯಾಸ ಇರಬಹುದು. "ಮೂರನೇ ಟ್ರ್ಯಾಕಿನಲ್ಲಿ ನಾನು ಖಾಲಿ ಅಂದುಕೊಂಡ ಕಡೆ ಬೇಸ್ ಮೆಲ್ಲಗೆ ಮೇಲೇರುತ್ತಿತ್ತು" ಅಂತ ಬೆರಳಿಟ್ಟು ತೋರಿಸಲು ಆದರೆ ನಿಮಗೆ ನಿಜವಾಗಿ ಏನೋ ಸಿಕ್ಕಿದೆ.

ಹಂತ 5: ಈಗ ಸಾಧನ ಬದಲಾಯಿಸಿ

ಇಲ್ಲಿತನಕ ಕಿವಿ ಬದಲಾಯಿತು, ಸಾಧನ ಅದೇ ಇತ್ತು. ಇನ್ನು ತಿರುಗುಮುರುಗು. ಹೆಡ್‌ಫೋನಿನಲ್ಲಿ ಕೇಳಿದವರು ಸ್ಪೀಕರಿಗೆ ಹೋಗಿ, ಸ್ಪೀಕರಿನವರು ಹೆಡ್‌ಫೋನಿಗೆ. ನಿಮ್ಮದಿಲ್ಲದಿದ್ದರೆ ಗೆಳೆಯರದ್ದು ಒಂದು ಗಂಟೆ ಇಸ್ಕೊಳ್ಳಿ.

ಮೊದಲು ಎರಡರ ವಾಲ್ಯೂಮ್ ಸರಿದೂಗಿಸಿ. ಸ್ವಲ್ಪವೇ ಜೋರಿರುವುದು "ಜೋರು" ಅಂತ ಅನಿಸುವುದಿಲ್ಲ, "ಚೆನ್ನಾಗಿದೆ" ಅಂತ ಅನಿಸುತ್ತದೆ. ಒಂದೋ ಎರಡೋ ಡೆಸಿಬೆಲ್ ಸಾಕು ನಮ್ಮನ್ನು ಮೋಸ ಮಾಡಲು. ಹೋಲಿಸುವಾಗ ಒಂದೇ ಟ್ರ್ಯಾಕಿನ ಒಂದೇ ನಿಮಿಷವನ್ನು ಹಾಕಿ.

ಹೆಡ್‌ಫೋನಿನಲ್ಲಿ ಎಡದ ಸದ್ದು ಎಡಗಿವಿಗೆ ಮಾತ್ರ ಹೋಗುತ್ತದೆ. ಸ್ಪೀಕರಿನಲ್ಲಿ ಎರಡೂ ಕಿವಿಗಳು ಎರಡೂ ಸ್ಪೀಕರುಗಳನ್ನು ಕೇಳುತ್ತವೆ, ಜೊತೆಗೆ ಗೋಡೆಯಿಂದ ಪುಟಿದದ್ದೂ ಬರುತ್ತದೆ. ಕ್ರಾಫ್ಟ್‌ವರ್ಕ್ ತಂಡ 1974ರಲ್ಲಿ ತಂದ "ಆಟೋಬಾನ್" ಆಲ್ಬಮ್ಮಿನ 22 ನಿಮಿಷದ ಶೀರ್ಷಿಕೆ ಟ್ರ್ಯಾಕಿನಲ್ಲಿ ಕಾರುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದುಹೋಗುತ್ತವೆ. ಹೆಡ್‌ಫೋನಿನಲ್ಲಿ ಅವು ನಿಮ್ಮ ತಲೆಯೊಳಗೇ ಹಾಯುತ್ತವೆ, ಸ್ಪೀಕರಿನಲ್ಲಿ ಎದುರಿಗೆ. ಯಾವುದು ಸರಿ ಅಂತ ಜಗಳ ಆಡಬೇಡಿ, ಎರಡೂ ಕೇಳಿ. ನನ್ನನ್ನು ಕೇಳಿದರೆ, ಸಣ್ಣ ಸಣ್ಣ ಸದ್ದುಗಳ ನೇಯ್ಗೆ ಹಿಡಿಯಲು ಹೆಡ್‌ಫೋನ್, ಬೇಸ್ ಎದೆಗೆ ತಟ್ಟಬೇಕಾದರೆ ಸ್ಪೀಕರ್. ಇಯರ್‌ಫೋನ್ ಎಷ್ಟೇ ಒಳ್ಳೇದಿರಲಿ, ಎದೆಗೂ ಹೊಟ್ಟೆಗೂ ಅದು ಏನೂ ಕೇಳಿಸಲಾರದು.

ಸ್ಪೀಕರ್ ಇಡುವುದರಲ್ಲೇ ಅರ್ಧ ಕೆಲಸ ಇದೆ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರೂ ಸಮ ಅಂತರದಲ್ಲಿರಲಿ. ಸ್ಪೀಕರಿನಲ್ಲಿ ಚುರುಕು ಸದ್ದು ಹೊರಡುವ ಚಿಕ್ಕ ಕೋನ್ ಕಿವಿಯ ಎತ್ತರಕ್ಕೆ ಬರಲಿ. ಮೂಲೆಗೆ ಒತ್ತಿದರೆ ಬೇಸ್ ಊದಿಕೊಳ್ಳುತ್ತದೆ. ಬೇಸ್‌ನ ಅಲೆ ಎಷ್ಟು ಉದ್ದ ಗೊತ್ತಾ? 50 ಹರ್ಟ್ಜ್ ಅಲೆ ಸುಮಾರು 6.9 ಮೀಟರ್. ನಿಮ್ಮ ಕೋಣೆ ಅದರ ಅರ್ಧ, ಅಂದರೆ ಸುಮಾರು 3.4 ಮೀಟರ್ ಉದ್ದ ಇದ್ದರೆ, ಆ ಅಲೆ ಎದುರುಬದುರು ಗೋಡೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಗೋಡೆಯ ಹತ್ತಿರ ಕೂತರೆ ಗುಂ ಅನ್ನುತ್ತದೆ, ಸರಿಯಾಗಿ ನಡುವೆ ಕೂತರೆ ಬೇಸೇ ಇಲ್ಲ. ನಂಬಿಕೆ ಬರದಿದ್ದರೆ ಬೇಸ್ ಜಾಸ್ತಿ ಇರುವ ಟ್ರ್ಯಾಕ್ ಹಾಕಿ ಕೋಣೆಯಲ್ಲಿ ಮೆಲ್ಲಗೆ ನಡೆದಾಡಿ. ಕುರ್ಚಿಯನ್ನು ಎರಡು ಅಡಿ ಸರಿಸುವುದು ಹೊಸ ಸ್ಪೀಕರ್ ಕೊಂಡಷ್ಟೇ ವ್ಯತ್ಯಾಸ ಮಾಡಬಲ್ಲದು. ಪರದೆ, ದಪ್ಪ ಬಟ್ಟೆ ಇವೆಲ್ಲ ಮೇಲಿನ ಚುರುಕು ಸದ್ದನ್ನು ಹೀರುತ್ತವೆಯೇ ಹೊರತು ಈ ಬೇಸ್‌ಗೆ ಏನೂ ಮಾಡಲಾರವು.

ಒಂಟಿ ಬ್ಲೂಟೂತ್ ಸ್ಪೀಕರಿನ ಬಗ್ಗೆ ಒಂದು ಮಾತು. ಅವುಗಳಲ್ಲಿ ಹಲವು ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿ ನುಡಿಸುತ್ತವೆ. ಕೆಲವು ಅಗಲವಾದ ಸಿಂಥ್ ಸದ್ದುಗಳಲ್ಲಿ ಎಡದ ಅಲೆ ಮೇಲೆದ್ದಾಗ ಬಲದ ಅಲೆ ಕೆಳಗಿಳಿದಿರುತ್ತದೆ. ಕೂಡಿಸಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಹೆಡ್‌ಫೋನಿನಲ್ಲಿ ಆಕಾಶದಷ್ಟು ಹರಡಿದ್ದ ಸದ್ದು ಅಲ್ಲಿ ಕೃಶವಾಗಿಬಿಡುತ್ತದೆ. ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಫೈಲಿನ ಗುಣಮಟ್ಟ? ಇದರ ಬಗ್ಗೆ ಜನ ಬೇಕಿಲ್ಲದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. 96 ಕೆಬಿಪಿಎಸ್‌ನಂಥ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ಕಡಿಮೆ ಮಟ್ಟದಲ್ಲಿ ಹೈ-ಹ್ಯಾಟ್ ತಾಳದ "ಚಿಸ್" ಸದ್ದು ನೀರಿನಲ್ಲಿ ಅದ್ದಿದ ಹಾಗೆ ಆಗುವುದು ನಿಜ, ಅದನ್ನು ಬಿಡಿ. ಆದರೆ 320 ಕೆಬಿಪಿಎಸ್‌ಗೂ ಸಿಡಿಗೂ ಇರುವ ವ್ಯತ್ಯಾಸವನ್ನು ಯಾವುದು ಯಾವುದು ಅಂತ ಹೇಳದೆ ಕೇಳಿಸಿದರೆ ಹೆಚ್ಚಿನವರಿಗೆ ಹಿಡಿಯಲು ಆಗುವುದಿಲ್ಲ. ನಾನೂ ಗೆಳೆಯನ ಮುಂದೆ ಜಂಬದಿಂದ ಕೂತು ಹತ್ತರಲ್ಲಿ ಐದು ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ರಬ್ಬರ್ ತುದಿ, ಕುರ್ಚಿಯ ಜಾಗ, ವಾಲ್ಯೂಮ್, ಹೆಡ್‌ಫೋನ್, ಈ ನಾಲ್ಕೂ ಮುಗಿದ ಮೇಲೆ ಬೇಕಾದರೆ ಫೈಲಿನ ಚಿಂತೆ ಮಾಡಿ. ದುಬಾರಿ ಕೇಬಲ್ಲಿನ ಚಿಂತೆ ಮಾಡಲೇಬೇಡಿ.

ಹಂತ 6: ವಾಪಸ್ ಹಳೇ ಸಾಧನಕ್ಕೆ

ಇದನ್ನು ಯಾರೂ ಮಾಡುವುದಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ಮಜಾ ಕೊಡುವ ಹಂತ ಇದು.

ಒಳ್ಳೆಯ ಸ್ಪೀಕರಿನಲ್ಲಿ ಕೇಳಿದ ಮರುದಿನ ಅದೇ ಆಲ್ಬಂ ಅನ್ನು ಹಳೇ ಇಯರ್‌ಫೋನಿನಲ್ಲಿ ಹಾಕಿ. ಆಮೇಲೆ ಬೇಕಿದ್ದರೆ ಫೋನಿನ ಸ್ಪೀಕರಿನಲ್ಲೂ ಹಾಕಿ, ಈಗ ಅನುಮತಿ ಇದೆ. ನಿನ್ನೆ ಹೊಸದಾಗಿ ಸಿಕ್ಕ ಸದ್ದುಗಳು ಇಲ್ಲೂ ಕೇಳುತ್ತವಾ ನೋಡಿ. ಬಹಳಷ್ಟು ಕೇಳುತ್ತವೆ. ಅವು ಮೊದಲೂ ಇದ್ದವು, ಅಲ್ಲಿವೆ ಅಂತ ಕಿವಿಗೆ ಗೊತ್ತಿರಲಿಲ್ಲ ಅಷ್ಟೇ. ಇನ್ನು ಕೆಲವು ನಿಜವಾಗಿ ಬರುತ್ತಿಲ್ಲ, ಆದರೂ ಕೇಳಿದ ಹಾಗೆ ಆಗುತ್ತದೆ. ನೆನಪು ನುಡಿಸುತ್ತಿದೆ. ಪಿಟೀಲಿನ ಬಗ್ಗೆ ಶುರುವಿನಲ್ಲಿ ಹೇಳಿದೆನಲ್ಲ, ಈಗ ಆ ಸಿಂಥ್ ಕೂಡ ನಿಮಗೆ ಗೊತ್ತಿರುವ ವಾದ್ಯ ಆಗಿದೆ.

ಹಾಗಾಗಿ ದೊಡ್ಡ ಸ್ಪೀಕರ್ ಮನೆಯಲ್ಲೇ ಇರಬೇಕೆಂದಿಲ್ಲ. ಒಂದು ಆಲ್ಬಮ್ಮಿಗೆ ಒಂದೆರಡು ಸಲ ಸಿಕ್ಕರೂ ಆದೀತು.

ಹಂತ 7: ಎರಡು ವಾರ ಮುಟ್ಟಬೇಡಿ

ಆಲ್ಬಂ ಬದಿಗಿಡಿ, ಬೇರೆ ಏನಾದರೂ ಕೇಳಿ. ಈ ಎರಡು ವಾರದಲ್ಲಿ ಅದರ ಯಾವ ತುಣುಕು ತಾನಾಗಿ ತಲೆಗೆ ಬಂತು ಗಮನಿಸಿ. ಏನೂ ಬರಲಿಲ್ಲವಾದರೆ ಆ ಇಷ್ಟ ಅಭ್ಯಾಸದ್ದೇ ಇರಬೇಕು, ಬಿಟ್ಟುಬಿಡಿ, ಪಾಪ ಏನೂ ಬರುವುದಿಲ್ಲ. ಬಂದಿದ್ದರೆ ಮತ್ತೊಮ್ಮೆ ಪೂರ್ತಿ ಕೇಳಿ, ಮೊದಲ ದಿನದ ಚೀಟಿ ತೆಗೆದು ಪಕ್ಕದಲ್ಲಿಟ್ಟುಕೊಂಡು. ಈಗ ನೀವು ಹೇಳುವುದು ಆಲ್ಬಮ್ಮಿನ ಬಗ್ಗೆಯೇ, ಫೋನಿನ ಬಗ್ಗೆ ಅಲ್ಲ.

ನಾನು ಎರಡು ವರ್ಷ ಬೈದ ಆ ಆಲ್ಬಂ ಈಗ ತಿಂಗಳಿಗೊಮ್ಮೆಯಾದರೂ ಓಡುತ್ತದೆ. ಅದರ ನಾಲ್ಕನೇ ಟ್ರ್ಯಾಕ್ ಮಾತ್ರ ಇವತ್ತಿಗೂ ಸೇರಿಲ್ಲ. ಎರಡು ಹೆಡ್‌ಫೋನ್, ಒಂದು ಜೊತೆ ಸ್ಪೀಕರ್, ಕುರ್ಚಿಯ ಮೂರು ಜಾಗ, ಎಲ್ಲ ಆಯಿತು. ಗೆಳೆಯನಿಗೆ ಇಡೀ ಆಲ್ಬಮ್ಮಿನಲ್ಲಿ ಅದೇ ಇಷ್ಟ. ಇನ್ನೊಂದು ಸಲ ಕೇಳು ಅನ್ನುತ್ತಾನೆ.